ಕರಿಬಸಪ್ಪನ ದನಿ

ತೀರಿಕೊಂಡು ಮೂರು ವರ್ಷವಾಗಿದ್ದ ಗಂಡನ ದನಿ ಯಂತ್ರದೊಳಗಿಂದ ಕೇಳಿಬಂದಾಗ ಹಾಲಮ್ಮ ಮೊದಲು ಮಾಡಿದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡದ್ದು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡಳು.

"ಬಾಗಿಲು ಹಾಕು ಕೂಸೇ," ಎಂದಿತು ದನಿ. "ಅವ್ರು ಹೊರಗೆ ನಿಂತಿದಾರೆ. ನಿನ್ನೇ ನೋಡ್ತಿದಾರೆ."

ಕನ್ನಡಿಯಂಥ ಗಾಜಿನ ಆಚೆ, ಪುಟ್ಟ ಕೋಣೆಯಲ್ಲಿ ಮಗಳು ವನಜಾಕ್ಷಿ ಕೂತಿದ್ದಳು. ಅವಳ ಗಂಟಲಿಗೂ ಗದ್ದದ ಕೆಳಗೂ ತೆಳ್ಳಗಿನ ಪಟ್ಟಿ ಅಂಟಿಸಿದ್ದರು. ತುಟಿ ಮುಚ್ಚಿತ್ತು. ಅವಳು ಏನೂ ಮಾತಾಡುತ್ತಿರಲಿಲ್ಲ.

"ಅವ್ವ, ಕೇಳಿಸ್ತಾ?" ಎಂದು ಅವಳು ಗಾಜಿನ ಹತ್ತಿರ ಬಂದು ಕೂಗಿದಳು. "ನಿಂಗೂ ಕೇಳಿಸ್ತಾ?"

ಹಾಲಮ್ಮ ಹೌದೆಂದು ತಲೆಯಾಡಿಸಿದಳು. ವನಜಾಕ್ಷಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಒಂದು ವರ್ಷದಿಂದ ಅವಳ ಮಾತನ್ನು ಒಬ್ಬರಾದರೂ ನಂಬಿದ್ದು ಅದೇ ಮೊದಲು.

ಹರಿಹರದಲ್ಲಿ ಹೊಳೆಗೆ ಹೋಗುವ ರಸ್ತೆಯಲ್ಲಿ ಇವರ ಮನೆ. ಕರಿಬಸಪ್ಪ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವನು, ಒಂದು ಬೆಳಿಗ್ಗೆ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಬಿದ್ದು ತೀರಿಹೋದ. ಒಬ್ಬಳೇ ಮಗಳು ವನಜಾಕ್ಷಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಕೈ ಬಹಳ ಹದ. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂಗಳನ್ನೂ ಬರಿಗಣ್ಣಲ್ಲೇ ತಿರುಗಿಸುತ್ತಿದ್ದಳು. ಅಂಥವಳು ಹೋದ ವರ್ಷ ಗಿರಾಕಿಗಳ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನತೊಡಗಿದಳು. ಕೆಲಸದ ನಡುವೆ ತಲೆಯೆತ್ತಿ "ಬಂದೆ ಅಪ್ಪ" ಎನ್ನುವಳು. ಮನೆಯ ಕಿಟಕಿಗಳಿಗೆಲ್ಲ ಪೇಪರ್ ಅಂಟಿಸಿದಳು. ಬೀದಿಯವರು ಗಾಳಿ ಸೋಕಿದೆ ಎಂದರು, ಹೊಳೆದಂಡೆಯಲ್ಲಿ ಏನೋ ದಾಟಿದ್ದಾಳೆ ಎಂದರು. ಹಾಲಮ್ಮ ತಾಯಿತ ಕಟ್ಟಿಸಿದಳು, ಇಳಿ ತೆಗೆಸಿ ನಿವಾಳಿಸಿದಳು, ಒಬ್ಬನ ಕೈಯಲ್ಲಿ ಬೇವಿನ ಸೊಪ್ಪಿನ ಏಟನ್ನೂ ಹೊಡೆಸಿದಳು. ಆ ಏಟು ಬಿದ್ದ ದಿನದಿಂದ ಮಗಳು ತಾಯಿಯೊಂದಿಗೆ ಮಾತು ಕಡಿಮೆ ಮಾಡಿದಳು. ಕೊನೆಗೆ ಕನ್ನಡಕದಂಗಡಿಯ ಯಜಮಾನರೇ, "ಅಮ್ಮ, ನನ್ನ ತಮ್ಮನಿಗೂ ಹಿಂಗೇ ಆಗಿತ್ತು, ಇದು ಕಾಯಿಲೆ, ಡಾಕ್ಟ್ರಿಗೆ ತೋರಿಸಿ" ಎಂದು ಈ ಸಂಶೋಧನಾ ಕೇಂದ್ರದ ವಿಳಾಸ ಕೊಟ್ಟಿದ್ದರು.

ಕೇಂದ್ರದಲ್ಲಿ ಡಾಕ್ಟರ್ ರೆಹಾನಾ ಬಳಿಗಾರ ಮನೋವೈದ್ಯೆ. ವಾದಿರಾಜ ಎಂಬ ಎಂಜಿನಿಯರ್ ಆ ಯಂತ್ರ ಮಾಡಿದವನು. ಅದಕ್ಕೆ ಅವರಿಟ್ಟ ಹೆಸರು ಪ್ರತಿಶ್ರಾವಕ.

"ಇಲ್ಲದ ದನಿ ಕಿವಿಗೆ ಬಿದ್ದಾಗ ಎಷ್ಟೋ ಜನರ ಗಂಟಲಿನ ಸ್ನಾಯುಗಳು ಕಣ್ಣಿಗೆ ಕಂಡೂ ಕಾಣದಷ್ಟು ಅಲುಗ್ತವೆ," ಎಂದು ರೆಹಾನಾ ಹಾಲಮ್ಮನಿಗೆ ವಿವರಿಸಿದರು. "ಅಂದರೆ ಆ ಮಾತು ಹುಟ್ಟೋದು ಅವಳ ಮಿದುಳಲ್ಲೇ. ಆದರೆ ಇದು ನನ್ನದು ಅಂತ ಗುರುತು ಹಿಡಿಯೋ ಕೆಲಸ ಅಲ್ಲಿ ಕೆಟ್ಟಿದೆ. ಹಂಗಾಗಿ ಹೊರಗಿಂದ ಬಂದಂಗೆ ಕೇಳಿಸುತ್ತೆ. ಗಂಟಲಿನ ಆ ಅಲುಗಾಟವನ್ನ ಈ ಪಟ್ಟಿ ಓದುತ್ತೆ, ಯಂತ್ರ ಅದನ್ನ ಮಾತು ಮಾಡುತ್ತೆ. ಅಷ್ಟೇ."

"ಮತ್ತೆ ದನಿ ನಮ್ಮೆಜಮಾನ್ರದ್ದೇ ಇದೆಯಲ್ಲ?"

ವಾದಿರಾಜ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಮೊದಲು ಯಂತ್ರ ಮಾತಾಡಿದ್ದು ಬರೀ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ದನಿಯಲ್ಲಿ. ಇದು ಅಪ್ಪನ ದನಿಯಲ್ಲ ಎಂದು ವನಜಾಕ್ಷಿ ಹಟ ಹಿಡಿದಿದ್ದಳು. ಅವಳ ಫೋನಿನಲ್ಲಿ ಯಾವುದೋ ನಾಮಕರಣದ ವಿಡಿಯೊ ಇತ್ತು, ಅದರಲ್ಲಿ ಕರಿಬಸಪ್ಪ ಯಾರಿಗೋ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲು ಒತ್ತಾಯ ಮಾಡುತ್ತಿದ್ದ. ವಾದಿರಾಜ ಆ ದನಿಯನ್ನೇ ಯಂತ್ರಕ್ಕೆ ಕೊಟ್ಟ. "ಅವ್ರು ಕೇಳೋದನ್ನೇ ನಾವೂ ಕೇಳಿದ್ರೆ ಧೈರ್ಯ ಬರುತ್ತೆ ಅಮ್ಮ," ಎಂದ.

ಅದು ಸುಳ್ಳೂ ಆಗಿರಲಿಲ್ಲ. ಊರಿಗೆ ಹೋಗುವ ಬಸ್ಸಿನಲ್ಲಿ ವನಜಾಕ್ಷಿ ತಾಯಿಯ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು.

ಮನೆಗೊಂದು ಸಣ್ಣ ಡಬ್ಬಿ ಕೊಟ್ಟು ಕಳಿಸಿದ್ದರು. ಗಂಟಲಿನ ಪಟ್ಟಿ ಹಾಕಿಕೊಂಡಿದ್ದರೆ ಮನೆಯೊಳಗೆ ಎಲ್ಲಿದ್ದರೂ ಡಬ್ಬಿ ಮಾತಾಡುತ್ತಿತ್ತು, ದನಿ ಎಷ್ಟು ಸಲ ಬಂತೆಂಬುದನ್ನೂ ಆಗ ಸುತ್ತ ಕೇಳಿಸಿದ್ದನ್ನೂ ಕೇಂದ್ರಕ್ಕೆ ಕಳಿಸುತ್ತಿತ್ತು. ಗುಳಿಗೆಯಿಂದ ದನಿ ಕಡಿಮೆಯಾಗುತ್ತಿದೆಯೇ ಎಂದು ತಿಳಿಯುವುದೇ ಅದರ ಉದ್ದೇಶ. ಹೊರಡುವಾಗ ರೆಹಾನಾ ಹಾಲಮ್ಮನ ಕೈ ಹಿಡಿದು, "ಕೇಳಿ, ಆದರೆ ಮಾತಾಡಿಸಬೇಡಿ. ಗುಳಿಗೆ ಮಾತ್ರ ಒಂದು ದಿನವೂ ತಪ್ಪಬಾರದು," ಎಂದಿದ್ದರು.

ಹಾಲಮ್ಮ ಮಾತಾಡಿಸಬೇಕೆಂದು ಮಾತಾಡಿಸಲಿಲ್ಲ. ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಗೋಡೆಯ ಗೂಡಿನಲ್ಲಿದ್ದ ಡಬ್ಬಿ, "ಬಾಗಿಲು ಹಾಕು ಕೂಸೇ," ಎಂದಿತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಬಾಯಿ ತಾನಾಗಿಯೇ, "ಹಾಕಿದೀನ್ರಿ," ಎಂದುಬಿಟ್ಟಿತು.

"ಹಾಲೀ, ನೀನಾ?" ಎಂದಿತು ಡಬ್ಬಿ.

ಅವಳನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ. ಮಡಿಲಲ್ಲಿದ್ದ ಕಾಳು ನೆಲಕ್ಕೆ ಚೆಲ್ಲಿದ್ದೂ ಅವಳಿಗೆ ತಿಳಿಯಲಿಲ್ಲ.

"ನಾನೇ ರೀ. ಊಟ ಆಯ್ತಾ ನಿಮ್ದು?"

"ಆಗಿದೆ."

ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ವನಜಾಕ್ಷಿ ಎರಡೂ ಕಿವಿ ಮುಚ್ಚಿಕೊಂಡಳು. ಕಿವಿ ಮುಚ್ಚಿದರೆ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅಲ್ಲಿಂದ ಅದು ದಿನದ ರೂಢಿಯಾಯಿತು. ಮನೆಗೆಲಸ ಮುಗಿಸಿ ಹಾಲಮ್ಮ ಡಬ್ಬಿಯ ಮುಂದೆ ಕೂರುವಳು. ಎದುರುಮನೆಯವರ ಸೊಸೆ ಬಸುರಿ ಎನ್ನುವಳು, ಈ ಸಲ ಹೊಳೆ ತುಂಬಿ ಬಂದಿತ್ತು ಎನ್ನುವಳು. ದನಿ ಒಂದೆರಡು ಮಾತಿನಲ್ಲಿ ಉತ್ತರ ಕೊಡುತ್ತಿತ್ತು. ಕರಿಬಸಪ್ಪನೂ ಮಾತು ಕಡಿಮೆಯವನೇ ಆಗಿದ್ದ. ಒಂದು ದಿನ ಅವಳು ಧೈರ್ಯ ಮಾಡಿ, ಮೂರು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು. ಅವನು ಸತ್ತ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿ, ಅವನು ತಿಂಡಿ ತಿನ್ನದೆ ಹೊರಟುಹೋಗಿದ್ದ.

"ನನ್ ಮೇಲೆ ಸಿಟ್ಟೈತೇನ್ರಿ?"

"ಇಲ್ಲ," ಎಂದಿತು ದನಿ. "ನಿನ್ ಮೇಲೆ ಯಾಕೆ ಸಿಟ್ಟು?"

ಹಾಲಮ್ಮ ಅವತ್ತು ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಸ್ನಾನ ಮಾಡಿದಳು. ಪಕ್ಕದ ಮನೆಯಾಕೆ, "ಏನ್ ಹಾಲಮ್ಮಕ್ಕ, ಮುಖದಾಗೆ ಕಳೆ ಬಂದೈತೆ," ಎಂದಳು.

ಇತ್ತ ಗುಳಿಗೆ ತನ್ನ ಕೆಲಸ ಶುರುಮಾಡಿತ್ತು. ಒಂದೆರಡು ವಾರದಲ್ಲಿ ದನಿ ಬರುವುದು ತಡವಾಗತೊಡಗಿತು. ಬಂದರೂ ಮಾತು ಅರ್ಧಕ್ಕೇ ನಿಲ್ಲುವುದು. ವನಜಾಕ್ಷಿ ಒಂದು ಬೆಳಿಗ್ಗೆ ಕಿಟಕಿಯ ಪೇಪರೊಂದನ್ನು ತಾನೇ ಕಿತ್ತು ಹೊರಗೆ ನೋಡಿದಳು, ಅಂಗಡಿಗೆ ಹೋಗಿಬರಲಾ ಎಂದೂ ಕೇಳಿದಳು. ಹಾಲಮ್ಮ ಅವಳನ್ನು ನೋಡಲಿಲ್ಲ. ಅವಳ ಗಮನವೆಲ್ಲ ಗೂಡಿನ ಡಬ್ಬಿಯ ಮೇಲೆ.

"ರೀ," ಎಂದು ಅವಳು ಡಬ್ಬಿಯನ್ನು ಕರೆದಳು. "ಯಾಕ್ರಿ ಮಾತೇ ಆಡವಲ್ರಿ?"

ಆ ಸಂಜೆ ವನಜಾಕ್ಷಿ ಗುಳಿಗೆಗೆ ಕೈ ಚಾಚಿದಾಗ ಹಾಲಮ್ಮ, "ಇವತ್ತು ಬ್ಯಾಡ ಬಿಡು, ಹೊಟ್ಟೆಗೆ ಉಷ್ಣ ಆಗತೈತೆ. ನಾಳೆ ತಗೊಂಡ್ರಾಯ್ತು," ಎಂದಳು. ಮರುದಿನವೂ ಹಾಗೇ ಏನೋ ಹೇಳಿದಳು. ಮಗಳು ವಾದ ಮಾಡಲಿಲ್ಲ. ಆ ಗುಳಿಗೆಯಲ್ಲಿ ವಿಷ ಹಾಕಿದ್ದಾರೆಂದು ದನಿ ಅವಳಿಗೆ ಮೊದಲೇ ಹೇಳಿತ್ತು.

ವಾರದೊಳಗೆ ಕರಿಬಸಪ್ಪನ ದನಿ ಮನೆತುಂಬ ಮರಳಿ ಬಂತು.

ಕೇಂದ್ರದಲ್ಲಿ ವಾದಿರಾಜ ಪರದೆಯ ಮುಂದೆ ಕೂತು ಹರಿಹರದ ಡಬ್ಬಿಯಿಂದ ಬಂದ ದನಿಯ ಎಣಿಕೆಯ ಗೆರೆಯನ್ನು ನೋಡುತ್ತಿದ್ದ. ರೆಹಾನಾ ಹಿಂದಿನಿಂದ ಬಂದು ನಿಂತರು.

"ಗೆರೆ ಕೆಳಗೆ ಹೋಗಿದ್ದು ಮತ್ತೆ ಯಾಕೆ ಮೇಲೆ ಬಂದಿದೆ?"

"ಅದೇ ಮೇಡಂ, ಅದ್ಭುತ ವಿಷಯ! ಈ ಧ್ವನಿ ಪ್ರಶ್ನೆಗೆ ಉತ್ತರ ಕೊಡ್ತಿದೆ. ತಾಯಿ ಕೇಳ್ತಾರೆ, ಅದು ಹೇಳುತ್ತೆ. ಇಂಥ ದಾಖಲೆ ಇನ್ನೆಲ್ಲೂ ಸಿಕ್ಕಿಲ್ಲ."

"ತಾಯಿ ಕೇಳ್ತಾರೆ ಅಂದ್ರೆ?"

ವಾದಿರಾಜ ಒಂದು ಸಂಭಾಷಣೆ ಹಾಕಿ ತೋರಿಸಿದ. ಹೊಳೆಯ ನೀರಿನ ವಿಷಯ, ಎದುರುಮನೆ ಸೊಸೆಯ ವಿಷಯ. ರೆಹಾನಾ ನಿಂತೇ ಕೇಳಿದರು. ಮಾತಿನ ನಡುವೆ ಎಲ್ಲೋ ಒಂದು ಕಡೆ, ಯಾರದೋ ಸಣ್ಣಗಿನ ಅಳು ಕೇಳಿಸುತ್ತಿತ್ತು.

"ಅದು ಯಾರು ಅಳ್ತಿರೋದು?"

ವಾದಿರಾಜ ಅದನ್ನು ಹಿನ್ನೆಲೆಯ ಗದ್ದಲವೆಂದು ದಾಖಲೆಯಿಂದ ತೆಗೆದುಹಾಕುವ ಲೆಕ್ಕದಲ್ಲಿದ್ದ.

"ಎಷ್ಟು ದಿನದಿಂದ ಇದನ್ನ ಕೇಳ್ತಾ ಸುಮ್ಮನಿದೀರಿ ವಾದಿರಾಜ್? ಆ ಹುಡುಗಿ ನಮ್ಮ ರೋಗಿ. ಗುಳಿಗೆ ನಿಂತಿದೆ ಅಂತ ಈ ಗೆರೆ ನೋಡಿದ್ರೇ ಗೊತ್ತಾಗಲ್ವಾ?" ಅವರು ಫೋನ್ ಕೈಗೆತ್ತಿಕೊಂಡರು. ಹಾಲಮ್ಮನ ಫೋನ್ ರಿಂಗಾಯಿತು. ಯಾರೂ ಎತ್ತಲಿಲ್ಲ.

ಹಾಲಮ್ಮ ಎತ್ತುವ ಸ್ಥಿತಿಯಲ್ಲಿರಲಿಲ್ಲ. ವನಜಾಕ್ಷಿ ಎರಡು ದಿನದಿಂದ ತಟ್ಟೆ ಮುಟ್ಟಿರಲಿಲ್ಲ. ತಲೆಗೂದಲು ಜಡೆಗಟ್ಟಿತ್ತು. ಮುದ್ದೆ ಮುರಿದು ಬಾಯಿಯ ಹತ್ತಿರ ಹಿಡಿದರೆ ಮುಖ ತಿರುಗಿಸಿದಳು.

"ನಾನ್ ಯಾರು ಅವ್ವ?" ಎಂದಳು ಇದ್ದಕ್ಕಿದ್ದಂತೆ. "ನಿಂಗೂ ಅಪ್ಪಂಗೂ ನಡುವೆ ಫೋನಾ?"

ಯಾವುದಕ್ಕೂ ಈಗ ಹಾಲಮ್ಮನಿಗಿದ್ದ ದಾರಿ ಒಂದೇ. ಡಬ್ಬಿಯ ಕಡೆ ತಿರುಗಿ, "ರೀ, ಊಟ ಮಾಡು ಅಂತ ನೀವಾರ ಹೇಳ್ರಿ ಅಕಿಗೆ," ಎಂದಳು.

"ಅವಳಿಗ್ಯಾಕೆ ಊಟ?" ಎಂದಿತು ಕರಿಬಸಪ್ಪನ ದನಿ.

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೋ ಎನ್ನುವಂತೆ ಅಕ್ಕರೆಯಿಂದಲೇ ಹೇಳುತ್ತಿತ್ತು. "ಇವಳ ಸಲುವಾಗೇ ಅಲ್ವಾ ಅವತ್ತು ನಾವು ಜಗಳ ಆಡಿದ್ದು? ಬಂದ ಸಂಬಂಧ ಇವಳು ಬೇಡ ಅಂದಳು, ನನ್ನ ಎದೆ ಒಡೀತು. ಇವಳೇ ನನ್ನ ಕೊಂದೋಳು. ಹೊಳೆ ಹತ್ರಾನೇ ಇದೆ ಕೂಸೇ. ಬಾ, ಹೋಗೋಣ ಬಾ."

ಹಾಲಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ಏನಂದ್ರಿ? ಯಾವುದಕ್ಕೆ ಜಗಳ ಆಡಿದ್ವಿ?"

"ಇವಳ ಮದುವೆಗೆ."

"ಇನ್ನೊಂದ್ಸಲ ಹೇಳ್ರಿ. ಅವತ್ತು ಬೆಳಿಗ್ಗೆ ನಾನು ನಿಮಗೆ ಬಾಯಿಗೆ ಬಂದಂಗೆ ಬೈದೆನಲ್ಲ, ಯಾವುದಕ್ಕೆ?"

"ಇವಳ ಮದುವೆಗೆ. ಇವಳ ಮದುವೆಗೆ. ಇವಳಿಗೆ."

ನಿಜವಾಗಿ ಅವತ್ತು ಹಿತ್ತಲಿನ ಕರಿಬೇವಿನ ಗಿಡಕ್ಕೆ ಜಗಳವಾಗಿತ್ತು. ಇರುವೆ ಬರುತ್ತದೆಂದು ಕರಿಬಸಪ್ಪ ಅದನ್ನು ಬುಡಮಟ್ಟ ಕಡಿದುಹಾಕಿದ್ದ, ಹತ್ತು ವರ್ಷ ನೀರು ಹೊಯ್ದು ಬೆಳೆಸಿದ್ದ ಹಾಲಮ್ಮ ಅವನಿಗೆ ಇಲ್ಲದ್ದೆಲ್ಲ ಅಂದಿದ್ದಳು. ವನಜಾಕ್ಷಿ ಆಗಲೇ ಅಂಗಡಿಗೆ ಹೋಗಿದ್ದಳು. ಆ ಜಗಳದ ಕಾರಣ ಪ್ರಪಂಚದಲ್ಲಿ ಗೊತ್ತಿದ್ದವರು ಇಬ್ಬರೇ. ಇಷ್ಟು ಕ್ಷುಲ್ಲಕ ವಿಷಯಕ್ಕೆ ಗಂಡನನ್ನು ಉಪವಾಸ ಕಳಿಸಿದೆನೆಂದು ನಾಚಿಕೆಯಾಗಿ ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಜಗಳವಾಗಿತ್ತು ಎಂಬುದಷ್ಟೇ ಮಗಳ ಕಿವಿಗೆ ಬಿದ್ದಿತ್ತು.

ಡಬ್ಬಿಯಲ್ಲಿ ಇದ್ದದ್ದು ಕರಿಬಸಪ್ಪನಲ್ಲ. ಇಷ್ಟು ದಿನ ಅವಳು ಕಷ್ಟಸುಖ ಹೇಳಿಕೊಂಡದ್ದು, ಸಿಟ್ಟಿಲ್ಲವೆಂದು ಹೇಳಿಸಿಕೊಂಡು ಸಮಾಧಾನಪಟ್ಟದ್ದು, ಎಲ್ಲವೂ ಒಳಕೋಣೆಯಲ್ಲಿ ಕಿವಿ ಮುಚ್ಚಿ ಕೂತ ಈ ಹುಡುಗಿಯ ನೋಯುವ ತಲೆಯೊಂದಿಗೆ.

"ಇಲ್ಲ ಕಣೇ ವನಜಾ," ಎಂದು ಅವಳು ಮಗಳ ಎರಡೂ ಭುಜ ಹಿಡಿದಳು. "ನಿನಗಲ್ಲ. ಕರಿಬೇವಿನ ಗಿಡಕ್ಕೆ ಜಗಳ ಆಡಿದ್ವಿ. ನನ್ನಾಣೆ. ನಿನ್ನ ಮದುವೆ ಮಾತೇ ಬರಲಿಲ್ಲ ಅವತ್ತು."

ವನಜಾಕ್ಷಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಬೇಕೆಂಬ ಆಸೆ ಆ ಕಣ್ಣಲ್ಲಿ ಒಂದು ಗಳಿಗೆ ಬಂದು ಹೋಯಿತು.

"ನೀನು ಸುಳ್ಳು ಹೇಳ್ತೀ ಅಂತಿದಾನೆ ಅಪ್ಪ," ಎಂದಳು.

ಹಾಲಮ್ಮ ಎದ್ದು ಹೋಗಿ ಡಬ್ಬಿಯ ತಂತಿ ಕಿತ್ತಳು. ದನಿ ಅರ್ಧ ಮಾತಿಗೆ ನಿಂತಿತು. ಅವಳು ತಿರುಗಿ ನೋಡಿದರೆ ಮಗಳು ಕತ್ತು ಸ್ವಲ್ಪ ವಾಲಿಸಿ ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದಳು. ಗಂಟಲ ಪಟ್ಟಿಯ ಕೆಳಗೆ ಚರ್ಮ ಸಣ್ಣಗೆ ನಡುಗುತ್ತಿತ್ತು.

"ಡಬ್ಬಿ ಆರಿಸಿದ್ರೆ ನಿಂಗಷ್ಟೇ ಅವ್ವ ಕೇಳ್ಸಲ್ಲ," ಎಂದಳು ವನಜಾಕ್ಷಿ.

ಆಗ ಮತ್ತೆ ಫೋನ್ ರಿಂಗಾಯಿತು. ಈ ಸಲ ಹಾಲಮ್ಮ ಎತ್ತಿದಳು.

ಕೇಂದ್ರದ ವಾಹನ ಬರುವವರೆಗೂ ಅವಳು ಮುಂಬಾಗಿಲಿಗೆ ಬೆನ್ನು ಕೊಟ್ಟು, ಮಗಳ ಕೈಯನ್ನು ತನ್ನ ಕೈಯಲ್ಲಿ ಹೆಣೆದುಕೊಂಡು ಕೂತಿದ್ದಳು. ವನಜಾಕ್ಷಿ ಎರಡು ಸಲ ಎದ್ದಳು. ಎರಡು ಸಲವೂ ಹಾಲಮ್ಮ, "ನಾನೂ ಬರ್ತೀನಿ, ಒಂಚೂರು ಕೂತ್ಕೋ," ಎಂದು ಕೂರಿಸಿಕೊಂಡಳು. ಡಾಕ್ಟರು ಫೋನಿನಲ್ಲಿ ಹೇಳಿಕೊಟ್ಟದ್ದು ಅಷ್ಟೇ: ವಾದ ಮಾಡಬೇಡಿ, ಕೈ ಬಿಡಬೇಡಿ.

ವಾರ್ಡಿನಲ್ಲಿ ವನಜಾಕ್ಷಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ ಮೇಲೆ ಹಾಲಮ್ಮ ರೆಹಾನಾರ ಮುಂದೆ ನಿಂತು ಗುಳಿಗೆಯ ವಿಷಯ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ಗೊತ್ತಾಗಿತ್ತು, ಕೂತ್ಕೊಳ್ಳಿ," ಎಂದರು ರೆಹಾನಾ. ಅವರ ಮುಖ ಬಿಗಿದಿತ್ತು. "ನಿಮ್ಮನ್ನ ಬೈಯೋಕೆ ನನಗೆ ಬಾಯಿಲ್ಲ. ಆ ದನಿಯನ್ನ ನಿಮ್ಮ ಮನೆಗೆ ಕಳಿಸಿದವರು ನಾವು."

"ನಾವು ಜಗಳ ಆಡಿದ್ದಕ್ಕೇ ಅಕಿಗೆ ಹಿಂಗಾತಾ ಡಾಕ್ಟ್ರೇ? ನನ್ನಿಂದ ಆತಾ?"

"ಇಲ್ಲ. ಜಗಳ ಆಡದ ಮನೆ ಯಾವುದಿದೆ ಹೇಳಿ. ಈ ಕಾಯಿಲೆ ಮಿದುಳಿನಲ್ಲಿ ಶುರುವಾಗುತ್ತೆ. ಶುರುವಾದ ಮೇಲೆ ಮಾತಾಡೋಕೆ ಅದಕ್ಕೆ ಮಾತು ಬೇಕಲ್ಲ, ಮನೆಯಲ್ಲಿ ಸಿಕ್ಕಿದ್ದನ್ನ ಎತ್ತಿಕೊಳ್ಳುತ್ತೆ. ಮಾತು ನಿಮ್ಮ ಮನೆಯದು. ಕಾಯಿಲೆ ನಿಮ್ಮಿಂದ ಬಂದದ್ದಲ್ಲ."

ಹಾಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ನೆಲ ನೋಡುತ್ತ, "ಅವರಲ್ಲ ಅಂತ ಗೊತ್ತೈತೆ ನಂಗೆ," ಎಂದಳು. "ಗೊತ್ತಿದ್ರೂ, ಅಕಿಗೆ ಗುಳಿಗೆ ಕೊಟ್ರೆ ಆ ದನಿ ಹೋಗತೈತಲ್ಲ ಅಂತ ಸಂಕಟ ಆಗತೈತೆ. ನಾನೆಂಥ ತಾಯಿ ನೋಡ್ರಿ."

ರೆಹಾನಾ ನೀರಿನ ಲೋಟ ಅವಳ ಮುಂದಿಟ್ಟರು.

ವಾಸಿಯಾಗುವುದು ಕಥೆಗಳಲ್ಲಿ ಆಗುವ ಹಾಗೆ ಆಗಲಿಲ್ಲ. ಮೊದಲ ಔಷಧಿಗೆ ವನಜಾಕ್ಷಿಯ ಕೈ ನಡುಗಿ, ನಾಲಿಗೆ ದಪ್ಪವಾಗಿ, ಹಗಲಿಡೀ ತೂಕಡಿಕೆ ಬಂತು. "ಇದಕ್ಕಿಂತ ಅದೇ ವಾಸಿ," ಎಂದು ಒಂದು ದಿನ ಲೋಟ ಎಸೆದಳು. ರೆಹಾನಾ ಔಷಧಿ ಬದಲಿಸಿದರು, ಪ್ರಮಾಣ ತಗ್ಗಿಸಿ ಮತ್ತೆ ಏರಿಸಿದರು. ಹಾಲಮ್ಮ ಪ್ರತಿ ಗುಳಿಗೆಯನ್ನೂ ತನ್ನ ಕೈಯಾರೆ ಮಗಳ ಅಂಗೈಗೆ ಇಟ್ಟಳು.

ಯಂತ್ರ ಈಗ ಕೇಂದ್ರದ ಕೋಣೆಯಲ್ಲಿ ಮಾತ್ರ, ಅದೂ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ ಮಾತಾಡುತ್ತಿತ್ತು. ಯಾರ ಮನೆಗೂ ಡಬ್ಬಿ ಕೊಡಬಾರದು, ಬದುಕಿದವರದಾಗಲಿ ಸತ್ತವರದಾಗಲಿ ದನಿ ತುಂಬಬಾರದು ಎಂದು ವಾದಿರಾಜನೇ ಬರೆದುಕೊಟ್ಟಿದ್ದ. ಅವನು ಒಮ್ಮೆ ವಾರ್ಡಿಗೆ ಬಂದು ವನಜಾಕ್ಷಿಯ ಮಂಚದ ಪಕ್ಕ ನಿಂತು, "ನೀವು ಅಳ್ತಿದ್ದದ್ದು ಕೇಳಿಸಿತ್ತು. ಅದೇ ಮುಖ್ಯ ಅಂತ ನನಗೆ ತಿಳೀಲಿಲ್ಲ," ಎಂದ. ಅವಳು, "ಯಂತ್ರ ಒಳ್ಳೇದೇ ಸರ್. ಮೊದಲನೇ ದಿನ ಅವ್ವ ತಲೆ ಆಡಿಸಿದ್ದು ನೋಡಿ ನಾನು ಉಳಿದೆ," ಎಂದಳು.

ದನಿ ಸೊರಗುತ್ತ ಬಂತು. ಪೂರ್ತಿ ವಾಕ್ಯ ಹೋಗಿ ತುಂಡುಗಳಾದವು, ತುಂಡು ಹೋಗಿ ಬರೀ ಗೊಣಗಾಟವಾಯಿತು. ಒಂದು ದಿನ ಯಂತ್ರ ಹಾಕಿ ಕಾದರೆ ಏನೂ ಬರಲಿಲ್ಲ. ಗಾಜಿನ ಆಚೆ ವನಜಾಕ್ಷಿ ಕತ್ತು ನೆಟ್ಟಗೆ ಮಾಡಿ ಕೂತು ತಾಯಿಯನ್ನು ನೋಡಿ ನಕ್ಕಳು. ಹಾಲಮ್ಮನೂ ನಕ್ಕಳು. ಆಮೇಲೆ ಮುಖ ತೊಳೆದು ಬರುತ್ತೇನೆಂದು ಹೋದವಳು ಬಹಳ ಹೊತ್ತು ಬರಲಿಲ್ಲ.

ವನಜಾಕ್ಷಿ ಈಗ ಅರ್ಧ ದಿನ ಅಂಗಡಿಗೆ ಹೋಗುತ್ತಾಳೆ. ಸಣ್ಣ ಸ್ಕ್ರೂ ಹಿಡಿಯಲು ಇನ್ನೂ ಆಗುವುದಿಲ್ಲ, ಗಾಜು ಉಜ್ಜುತ್ತಾಳೆ. ಕೆಲವು ದಿನ ದನಿ ಮತ್ತೆ ಬರುತ್ತದೆ. "ಇವತ್ತು ಬಂದಿತ್ತು, ದೂರದಿಂದ," ಎಂದು ತಾನೇ ಹೇಳಿ, ತಾನೇ ಡಾಕ್ಟರಿಗೆ ಫೋನ್ ಮಾಡುತ್ತಾಳೆ. ಬೀದಿಯವರು ಇನ್ನೂ ಗಾಳಿ ಎಂದೇ ಅನ್ನುತ್ತಾರೆ.

ಕೇಂದ್ರಕ್ಕೆ ತಪಾಸಣೆಗೆ ಹೋದ ಒಂದು ಬೆಳಿಗ್ಗೆ ಅವಳು ಕೌಂಟರಿನಲ್ಲಿ ಎರಡು ಚೀಟಿ ಮಾಡಿಸಿದಳು. ಒಂದನ್ನು ತಾಯಿಯ ಕೈಗಿಟ್ಟಳು.

"ನಂಗ್ಯಾಕೆ? ನಂಗೇನಾಗೈತೆ?"

"ನೀನು ಉಣ್ಣಲ್ಲ ಅವ್ವ. ಎಲ್ಲೋ ನೋಡ್ತಾ ಕೂತಿರ್ತೀಯ. ನಾನು ಕರೆದ್ರೂ ತಿರುಗಲ್ಲ," ಎಂದಳು ವನಜಾಕ್ಷಿ. "ನಾನು ಇಲ್ಲೇ ಹೊರಗಿರ್ತೀನಿ. ಹೋಗು."

ರೆಹಾನಾ ಬಾಗಿಲು ಮುಂದೆ ಮಾಡಿ ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಕೂತರು. ಯಾವ ಪಟ್ಟಿಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. "ಹೇಳಿ ಹಾಲಮ್ಮನವರೇ," ಎಂದರು.

ಹೊರಗೆ ಬೆಂಚಿನ ಮೇಲೆ ಮಗಳು ಯಾರದೋ ಮಗುವನ್ನು ಮಾತಾಡಿಸುತ್ತಿದ್ದದ್ದು ಕೇಳಿಸುತ್ತಿತ್ತು. ಹಾಲಮ್ಮ ಅದನ್ನೇ ಸ್ವಲ್ಪ ಹೊತ್ತು ಆಲಿಸಿದಳು.

"ನಮ್ಮೆಜಮಾನ್ರು ತೀರ್ಕೊಂಡಿದಾರೆ," ಎಂದಳು ಹಾಲಮ್ಮ. ಹಾಗೆ ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸಿದ ಮೇಲೆ, ಮೂರು ವರ್ಷ ತಡವಾಗಿ, ಗಟ್ಟಿಯಾಗಿ ಅತ್ತಳು.